ಮುದುಕಪ್ಪ ಗುಡಿಯ ಛಾವಣಿ ಬಡಿದು ನೋಡಿದ್ದು

ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ನಾಲ್ಕು ವರ್ಷ ದುಡಿದ ಮುದುಕಪ್ಪನಿಗೆ ನಿವೃತ್ತಿಯಾದ ಮೇಲೆ ಹೊತ್ತು ಕಳೆಯುವುದೇ ಕಷ್ಟವಾಗಿತ್ತು. ಕಂಪನಿಯ ಮನೆ ಬಿಟ್ಟು ಊರಂಚಿನ ಸ್ವಂತ ಮನೆಗೆ ಬಂದಿದ್ದ. ಶಿಫ್ಟಿನ ಸೈರನ್ ಕೇಳಿದರೆ ಉಣ್ಣುತ್ತಿದ್ದವನು ತುತ್ತು ಬಿಟ್ಟು ತಲೆ ಎತ್ತುತ್ತಿದ್ದ.

ಸುರಂಗದಲ್ಲಿ ಮದ್ದು ಸಿಡಿಸಿದ ಮೇಲೆ ಮೊದಲು ಒಳಗೆ ಕಾಲಿಡುವುದು ಅವನ ಕೆಲಸವಾಗಿತ್ತು. ಉದ್ದನೆಯ ಹಾರೆ ಹಿಡಿದು ತಲೆಯ ಮೇಲಿನ ಬಂಡೆಯನ್ನು ಬಡಿಯುತ್ತ ಹೋಗಬೇಕು. ಗಟ್ಟಿ ಬಂಡೆ ‘ಖಣ್’ ಎನ್ನುತ್ತದೆ. ಒಳಗೊಳಗೇ ಬಿಟ್ಟುಕೊಂಡ ಬಂಡೆ ‘ದಬ್’ ಎನ್ನುತ್ತದೆ. ಹಾಗೆಂದದ್ದನ್ನೆಲ್ಲ ಮೀಟಿ ಕೆಡವಿದ ಮೇಲೆಯೇ ಉಳಿದವರು ಬರುವುದು. “ಮುದುಕಪ್ಪ ಹೂಂ ಅಂದ್ರ ಅಲ್ಲೇ ಹಾಸಿಗಿ ಹಾಸಿ ಮಲಗಬೌದು” ಎಂದು ಜೊತೆಯವರು ಹೇಳುತ್ತಿದ್ದರು.

ಶ್ರಾವಣದ ಒಂದು ಸೋಮವಾರ ಅವನ ಹೆಂಡತಿ ಆದೆಮ್ಮ ತನ್ನ ಸಂಘದ ಹೆಂಗಸರ ಜೊತೆ ಹಳೆಯ ಕಾಲದ ಈಶ್ವರನ ಗುಡಿಯೊಂದಕ್ಕೆ ಹೊರಟಳು. ನಿಯಾಜನ ಕ್ರೂಸರ್ ಗಾಡಿಯನ್ನು ಬಾಡಿಗೆಗೆ ಗೊತ್ತು ಮಾಡಿದ್ದರು. ಬೆಳಿಗ್ಗೆ ಹೋಗಿ ಸಂಜೆಗೆ ಬರುವುದು.

“ಮನ್ಯಾಗ ಕುಂತು ಮಾರಿ ಬಾಡಿಸಿಕೊಂಡೀರಿ. ಬರ್ರಿ, ಮುಂದ ಡ್ರೈವರ್ ಮಗ್ಗಲ ಜಾಗ ಐತಿ” ಎಂದು ಗಂಡನನ್ನೂ ಹೊರಡಿಸಿದಳು.

ಲಿಂಗಸುಗೂರು ದಾಟಿ, ಮಸ್ಕಿಯಲ್ಲಿ ಚಹ ಕುಡಿದು, ಸಿಂಧನೂರಿನ ಹಾದಿಯಲ್ಲಿ ಎಡಕ್ಕೆ ತಿರುಗಿ ನಾಲ್ಕು ಮೈಲಿ ಒಳಗೆ ಹೋದರೆ ಆ ಗುಡಿ. ಚಾಲುಕ್ಯರ ಕಾಲದ್ದು. ಸುತ್ತ ಭತ್ತದ ಗದ್ದೆ, ನಡುವೆ ಕಪ್ಪು ಕಲ್ಲಿನ ತಗ್ಗಾದ ಕಟ್ಟಡ. ಗೋಪುರದ ಮೇಲ್ಭಾಗ ಎಂದೋ ಬಿದ್ದುಹೋಗಿತ್ತು. ಮುದುಕಪ್ಪ ಅಂಥ ಗುಡಿಗಳನ್ನು ನೋಡದವನಲ್ಲ. ಆದರೆ ಆಗೆಲ್ಲ ಕೈ ಮುಗಿದು, ಕಾಯಿ ಒಡೆಸಿ, ಶಿಫ್ಟಿಗೆ ಓಡಿದ್ದ. ಅಂದು ಓಡುವುದೇನೂ ಇರಲಿಲ್ಲ.

ದರ್ಶನವಾದ ಮೇಲೆ ಅವನು ಮಂಟಪದ ಕಂಬವೊಂದಕ್ಕೆ ಕೈಯಿಟ್ಟ. ಬುಗುರಿಯ ಹಾಗೆ ತಿರುಗಿಸಿ ತೀಡಿದ ಕಂಬ, ಮುಖ ಕಾಣುವಷ್ಟು ನುಣುಪು. ಬಳೆಯ ಹಾಗೆ ಸುತ್ತಿದ ಗೆರೆಗಳಲ್ಲಿ ಒಂದಾದರೂ ಅಂಕುಡೊಂಕಾಗಿದೆಯೇ ಎಂದು ಬೆರಳಾಡಿಸಿ ಹುಡುಕಿದ. ಸಿಗಲಿಲ್ಲ. ಬೆರಳಿನ ಗೆಣ್ಣಿನಿಂದ ಬಡಿದರೆ ಕಂಬ ಕಂಚಿನ ಪಾತ್ರೆಯ ಹಾಗೆ ದನಿ ಕೊಟ್ಟಿತು. ಮುಂದಿನದಕ್ಕೆ ಹೋದ. ಅದರ ಮುಂದಿನದಕ್ಕೂ ಹೋದ. ಪೂಜಾರಿ ಅಮರಗುಂಡಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಏನ್ ನೋಡಾಕತ್ತೀರಿ?”

“ಕಲ್ಲು ನೋಡಾಕತ್ತೀನ್ರೀ. ನಾವು ಜಲಮ ಪೂರ್ತಿ ಮಷಿನ್ ಹಚ್ಚಿ ಕಲ್ಲು ಒಡದ್ವಿ. ಇವ್ರು ಬರೇ ಉಳಿ ಹಿಡದು ಹಿಂಗ ನಿಲ್ಲಿಸ್ಯಾರ. ಎಂಥಾ ಮಂದಿ ಇದ್ರೋ!” ಹೇಳುವಾಗ ಅವನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಹೆಂಗಸರು ಮಂಟಪದ ಮೂಲೆಯಲ್ಲಿ ಜಮಖಾನೆ ಹಾಸಿ ಬುತ್ತಿ ಬಿಚ್ಚಿದ್ದರು. ಕಟಕ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕೂರಲು ಹೋದ ಮುದುಕಪ್ಪನಿಗೆ ಜಮಖಾನೆಯ ಅಂಚಿನಲ್ಲಿ ಒಂದು ಚಿಟಿಕೆಯಷ್ಟು ಬೂದು ಪುಡಿ ಕಂಡಿತು. ಬೆರಳಲ್ಲಿ ತಿಕ್ಕಿ ನೋಡಿದ. ಮಣ್ಣಲ್ಲ, ಆಗಷ್ಟೇ ಉದುರಿದ ಕಲ್ಲಿನ ಪುಡಿ. ತಲೆ ಎತ್ತಿದ. ಜೇಡರ ಬಲೆ ತೆಗೆಯಲು ಇಟ್ಟಿದ್ದ ಬಿದಿರಿನ ಗಳ ತಂದು ಮೇಲಿನ ಚಪ್ಪಡಿಯನ್ನು ಬಡಿದ.

ದಬ್.

“ಏಳ್ರಿ ಎಲ್ಲಾರೂ! ಬುತ್ತಿ ಅಲ್ಲೇ ಬಿಟ್ಟು ಹೊರಗ ನಡೀರಿ.”

ಆದೆಮ್ಮನಿಗೆ ಮಂದಿಯ ಮುಂದೆ ಮುಖ ಕೆಂಪಾಯಿತು. “ಏನ್ರೀ ಇದು, ಗಣಿ ಬಿಟ್ಟು ಬಂದ್ರೂ ಗಣಿ ನಿಮ್ಮನ್ನ ಬಿಡವಲ್ದಲ್ಲ. ಉಣ್ಣೋರನ್ನ ಎಬ್ಬಸ್ತಾರೇನು?”

ಪೂಜಾರಿಗೂ ನೋವಾಯಿತು. “ಒಂಬೈನೂರು ವರ್ಷ ನಿಂತ ಗುಡಿ ಐತ್ರಿ ಇದು. ನೀವು ಕೋಲಿಲೆ ಬಡದು ಬೀಳ್ತೈತಿ ಅಂತೀರಿ.”

“ಇವತ್ತ ಬೀಳ್ತೈತಿ ಅನ್ನಂಗಿಲ್ರೀ. ಎಂದು ಬೀಳ್ತೈತಿ ಗೊತ್ತಿಲ್ಲ, ಅದಕ್ಕ ಏಳ್ರಿ ಅಂತೀನಿ.”

ಅವನ ದನಿ ಕೇಳಿ ಹೆಂಗಸರು ಗೊಣಗುತ್ತಲೇ ಎದ್ದರು. ಹೊರಗೆ ಬಿಸಿಲಲ್ಲಿ ಸೆರಗು ಹೊದ್ದು ಉಂಡರು. ಕಲ್ಲು ಬೀಳಲಿಲ್ಲ. ಹಟ್ಟಿ ಮುಟ್ಟುವವರೆಗೂ ಗಾಡಿಯಲ್ಲಿ ಅದೇ ನಗೆಚಾಟಿಕೆ. ನಿಯಾಜ್ ಕೂಡ, “ಕಾಕಾ, ನನ್ನ ಗಾಡಿ ಟಾಪೂ ಒಮ್ಮೆ ಬಡದು ನೋಡ್ರಿ” ಎಂದ. ಮುದುಕಪ್ಪನೂ ನಕ್ಕ. ಆದರೆ ಕಲ್ಲಿನ ಆ ‘ದಬ್’ ದನಿ ಅವನ ಕಿವಿಯಿಂದ ಹೋಗಲಿಲ್ಲ.

ಮುಂದಿನ ಸೋಮವಾರ ಅವನೊಬ್ಬನೇ ಬಸ್ಸು ಹತ್ತಿದ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ತಿರುವಿನಲ್ಲಿ ಇಳಿದು, ನಾಲ್ಕು ಮೈಲಿ ನಡೆದ. ಅಮರಗುಂಡಪ್ಪ ಮಾತಾಡಿಸಲೋ ಬೇಡವೋ ಎಂಬಂತೆ ನೋಡಿದರು.

“ನನ್ನ ಮಾತು ನಂಬಬ್ಯಾಡ್ರಿ. ಕಲ್ಲನ್ನೇ ಕೇಳೋಣು. ನಿಮ್ಮ ಎಲಿ ಚೀಲದಾಗಿನ ಸುಣ್ಣ ಜರಾ ಕೊಡ್ರಿ.”

ನಿಚ್ಚಣಿಕೆ ಹತ್ತಿ, ಚಪ್ಪಡಿಯಲ್ಲಿದ್ದ ಕೂದಲೆಳೆಯಂಥ ಬಿರುಕಿನ ಮೇಲೆ ಅಡ್ಡಲಾಗಿ ಮೂರು ಕಡೆ ಸುಣ್ಣ ಬಳಿದ. “ಕಲ್ಲು ಅಲುಗದಿದ್ರ ಸುಣ್ಣ ಹಂಗೇ ಇರ್ತೈತಿ. ಅಲುಗಿದ್ರ ಸೀಳ್ತೈತಿ. ಸೀಳದಿದ್ರ ನಾ ತಪ್ಪು ಅಂತ ನಿಮ್ಮ ಕಾಲು ಹಿಡೀತೀನಿ.”

ಎರಡನೆಯ ವಾರ ಸುಣ್ಣ ಹಾಗೆಯೇ ಇತ್ತು. ಮೂರನೆಯ ವಾರ ಅವನು ಗುಡಿ ಮುಟ್ಟುವ ಮೊದಲೇ ಪೂಜಾರಿ ಹಾದಿಯಲ್ಲಿ ಕಾಯುತ್ತ ನಿಂತಿದ್ದರು.

“ಮೂರೂ ಕಡೆ ಸೀಳ್ಯಾವ್ರಿ, ಮುದುಕಪ್ಪನವರ. ನಿಮ್ಮನ್ನ ಹಗರ ಮಾಡಿ ಮಾತಾಡಿದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

“ಅದೆಲ್ಲಾ ಬಿಡ್ರಿ. ಎರಡು ಗಟ್ಟಿ ಜಾಲಿ ಬೊಡ್ಡಿ ಬೇಕು, ಒಬ್ಬ ಬಡಿಗ್ಯಾ ಬೇಕು.”

ಊರವರು ಒಂದೇ ತಾಸಿನಲ್ಲಿ ಬೊಡ್ಡೆ ತಂದರು. ಸುರಂಗದಲ್ಲಿ ಮಾಡುತ್ತಿದ್ದ ಹಾಗೆ ಮುದುಕಪ್ಪ ಅವನ್ನು ಚಪ್ಪಡಿಯ ಕೆಳಗೆ ನೆಟ್ಟಗೆ ನಿಲ್ಲಿಸಿ, ಮೇಲೆ ಅಡ್ಡ ಹಲಗೆ ಕೊಟ್ಟು, ಬುಡಕ್ಕೆ ಬೆಣೆ ಹೊಡೆದ. ಕಂಬಗಳ ನುಣುಪಿಗೆ ಗೀರು ಬೀಳದಂತೆ ಗೋಣಿಚೀಲ ಸುತ್ತಿಸಿದ. ಮೂಲೆಗೆ ಯಾರೂ ಹೋಗದ ಹಾಗೆ ಮುಳ್ಳು ಹಾಕಿಸಿದ. ಊರವರು ಪುರಾತತ್ವ ಇಲಾಖೆಗೆ ಅರ್ಜಿ ಬರೆದರು.

ಹದಿನೈದು ದಿನದ ಮೇಲೆ ಎರಡು ದಿನ ಬಿಡದೆ ಮಳೆ ಹೊಡೆಯಿತು. ಬೆಳಿಗ್ಗೆ ಪೂಜೆಗೆ ಬಂದ ಅಮರಗುಂಡಪ್ಪ ನೋಡಿದರೆ ಆ ಚಪ್ಪಡಿ ಎರಡು ತುಂಡಾಗಿ, ಬೆರಳಗಲ ಕೆಳಗಿಳಿದು, ಜಾಲಿ ಬೊಡ್ಡೆಗಳ ಮೇಲೆ ಕೂತಿತ್ತು. ಅವರು ಅಲ್ಲಿಂದಲೇ ಫೋನ್ ಮಾಡಿದರು. ಫೋನ್ ಎತ್ತಿದ್ದು ಆದೆಮ್ಮ. ಕೇಳಿದವಳೇ ಫೋನ್ ಹಿಡಿದುಕೊಂಡು ಗಂಡನ ಹತ್ತಿರ ಓಡಿದಳು. ಹೆಂಗಸರೆಲ್ಲ ಜಮಖಾನೆ ಹಾಸಿದ್ದು ಸರಿಯಾಗಿ ಆ ಕಲ್ಲಿನಡಿಯೇ.

“ಅವತ್ತ ನಾ ನಿಮಗ ಹಂಗ ಅನ್ನಬಾರದಿತ್ತು” ಎಂದಳು ಗಂಡನಿಗೆ.

“ಕಲ್ಲು ನೆಲಕ್ಕ ಬಿತ್ತೇನು?” ಅವನು ಕೇಳಿದ್ದು ಅಷ್ಟೇ.

“ಇಲ್ಲಂತ. ನೀವು ಕೊಟ್ಟ ಬೊಡ್ಡಿ ಹಿಡಕೊಂಡಾವಂತ.”

ಮಳೆಗಾಲ ಮುಗಿದ ಮೇಲೆ ಇಲಾಖೆಯವರು ಬಂದು ತುಂಡುಗಳನ್ನು ಜೋಪಾನವಾಗಿ ಇಳಿಸಿ, ಜೋಡಿಸಿ, ಮತ್ತೆ ಏರಿಸಿದರು. ಅವರ ಪೈಕಿ ಹಿರಿಯರೊಬ್ಬರು ಬೊಡ್ಡೆ ನಿಲ್ಲಿಸಿದವರು ಯಾರೆಂದು ಕೇಳಿ, ಮುದುಕಪ್ಪನನ್ನು ಕರೆಸಿ, ಕೆಲಸ ಮುಗಿಯುವವರೆಗೂ ತಮ್ಮ ಮಗ್ಗುಲಲ್ಲೇ ನಿಲ್ಲಿಸಿಕೊಂಡರು. ಉಳಿದ ಅಷ್ಟೂ ಚಪ್ಪಡಿಗಳನ್ನು ಅವನ ಕೈಯಲ್ಲೇ ಬಡಿಸಿದರು. ಎಲ್ಲವೂ ಖಣ್ ಎಂದವು.

ಮುಂದಿನ ಅಮಾವಾಸ್ಯೆಗೆ ಮುದುಕಪ್ಪ ಗಣಿಯ ಹಳೆಯ ಜೊತೆಗಾರರಲ್ಲಿ ಐದು ಜನರನ್ನು ಅಲ್ಲಿಗೆ ಕರೆದುಕೊಂಡು ಹೋದ. ನೆಲದಡಿ ಜೀವಮಾನ ಕಳೆದ ಆ ಮುದುಕರು ಕೈಯಾಡಿಸುತ್ತ ಕಂಬದಿಂದ ಕಂಬಕ್ಕೆ ನಡೆದರು. ಹೊನ್ನೂರಪ್ಪ ಎಂಬವನು ಟವೆಲ್ ಹಾಸಿ ನೆಲದ ಮೇಲೆ ಅಂಗಾತ ಮಲಗಿ, ಛಾವಣಿಯಲ್ಲಿ ಕೆತ್ತಿದ ಕಮಲದ ದಳಗಳನ್ನು ಎಣಿಸುತ್ತ ಹೋದ, ತಪ್ಪಿದಾಗ ಮೊದಲಿಂದ ಶುರು ಮಾಡಿದ.

“ಏಳಲೇ, ಬಸ್ ಹೋಗ್ತೈತಿ” ಎಂದ ಮುದುಕಪ್ಪ.

“ಹೋಗಲಿ ಬಿಡು, ಇನ್ನೊಂದು ಬರ್ತೈತಿ” ಎಂದ ಹೊನ್ನೂರಪ್ಪ, ಮಲಗಿದಲ್ಲಿಂದಲೇ.