ಗುಂಯ್ ಅನ್ನದ ಮನೆಗಳು

ನನ್ನ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಕಿವಿಯಪ್ಪ. ಆಂಪ್ಲಿಫೈಯರ್ ರಿಪೇರಿ ಅವನ ಕಸುಬು. ಮನೆಯಲ್ಲಿ ಹಾಡು ಕೇಳುವ ಹುಚ್ಚು ಹತ್ತಿದವರೆಲ್ಲ ಪವರ್ ಕಾರ್ಡ್, ಅಂದರೆ ಗೋಡೆಯ ಪ್ಲಗ್ಗಿನಿಂದ ಪೆಟ್ಟಿಗೆಗೆ ಕರೆಂಟು ತರುವ ವೈರು, ಆರಿಸಲು ಅವನ ಹತ್ತಿರವೇ ಬರುತ್ತಿದ್ದರು. ಯಾರಾದರೂ ಹೆಬ್ಬೆರಳು ಗಾತ್ರದ, ಥಳಥಳಿಸುವ ಕಾರ್ಡ್ ಹಿಡಿದು ಬಂದರೆ ಅವನಿಗೆ ಮೈಯೆಲ್ಲ ಉರಿ.

“ಗೋಡೆ ಒಳಗಿರೋದು ಅದೇ ಹಳೇ ತಂತಿ ಅಲ್ವಾ ಸ್ವಾಮಿ? ಕೊನೇ ಒಂದು ಮಾರು ತಂತಿಗೆ ರೇಷ್ಮೆ ಅಂಗಿ ತೊಡಿಸಿದ್ರೆ ಹಾಡು ಬದಲಾಗುತ್ತಾ?”

ಹಾಗೆಂದು ತಾನೇ ಒಂದು ಕಾರ್ಡ್ ಮಾಡಿಕೊಡುತ್ತಿದ್ದ. ಅದನ್ನು ಹಾಕಿದರೆ ಸ್ಪೀಕರಿನ ಗುಂಯ್ ಸದ್ದು ಮಂಗಮಾಯ. ಜನ ತಲೆದೂಗುತ್ತಿದ್ದರು, ಮಾವ ಮೀಸೆಯಡಿ ನಗುತ್ತಿದ್ದ. ಗುಟ್ಟು ಇಷ್ಟೇ: ಪ್ಲಗ್ಗಿನೊಳಗೆ ಅರ್ಥಿಂಗಿನ ಹಸಿರು ತಂತಿಯನ್ನು ಕತ್ತರಿಸಿ, ಹೊರಗೆ ಮೂರು ಪಿನ್ನೂ ಕಾಣುವಂತೆ ಮುಚ್ಚಿಬಿಡುತ್ತಿದ್ದ. ಗುಂಯ್ ಸದ್ದು ಒಳಬರುವುದು ಆ ತಂತಿಯಿಂದಲೇ; ಆದರೆ ಪೆಟ್ಟಿಗೆಗೆ ಕರೆಂಟು ಹರಿದರೆ ಮುಟ್ಟಿದವರ ಜೀವ ಉಳಿಸುವುದೂ ಅದೇ. ಗೊತ್ತಿದ್ದೂ ಮಾಡಿದ. ಅವನೆಂದರೆ ನನಗೆ ಪ್ರಾಣ, ಆದರೂ ಇದನ್ನು ಮುಚ್ಚಿಡಲಾರೆ.

ಹೋದ ವರ್ಷ ನನ್ನ ಅಮ್ಮ, ಅಂದರೆ ಅವನ ಅಕ್ಕ, ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ವಾಲ್ಯೂಮ್ ತಗ್ಗಿಸಲು ಹೋದಳು. ಪೆಟ್ಟಿಗೆಗೆ ಕರೆಂಟು ಹರಿದಿತ್ತು; ಕಾರ್ಡ್ ಮಾವ ಕೊಟ್ಟದ್ದೇ. ಯಾರೋ ಎತ್ತಿ ಎಸೆದ ಹಾಗೆ ಗೋಡೆಗೆ ಹೋಗಿ ಬಿದ್ದಳು. ಜೀವ ಉಳಿಯಿತು; ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಆಸ್ಪತ್ರೆಯಲ್ಲಿ ಮಾವ ಅವಳ ಮುಖ ನೋಡಲಿಲ್ಲ. “ಅಕ್ಕಾ, ಆ ತಂತಿ ಕತ್ತರಿಸಿದ್ದು ನಾನೇ” ಎಂದ.

“ನನ್ನ ಬೆರಳಿನ ಮಾತು ಆಮೇಲೆ ಆಡೋಣ” ಎಂದಳು ಅಮ್ಮ. “ಇಂಥವು ಇನ್ನೂ ಎಷ್ಟು ಮನೇಲಿವೆ, ಮೊದಲು ಅದು ಹೇಳೋ.”

ಮಾವನದು ಇಪ್ಪತ್ತು ವರ್ಷದ ಕೆಲಸ. ಯಾರಿಗೆ ಯಾವುದು ಕೊಟ್ಟೆ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ.

ಅಂದಿನಿಂದ ಹಾಡು ಕೇಳಿಸಿದ ಮನೆಗೆಲ್ಲ ನುಗ್ಗುತ್ತಾನೆ. ಹಾಡು ನಿಲ್ಲಿಸಿ ಸ್ಪೀಕರಿಗೆ ಕಿವಿ ಆನಿಸುತ್ತಾನೆ. ಗುಂಯ್ ಎಂದರೆ ಹೋದ ಜೀವ ಬಂದಂತಾಗುತ್ತದೆ. ಏನೂ ಕೇಳಿಸದಿದ್ದರೆ ಪ್ಲಗ್ ಬಿಚ್ಚುತ್ತಾನೆ. ಬೈಸಿಕೊಂಡು ಬೈಸಿಕೊಂಡೇ ಹದಿನೇಳು ಕಾರ್ಡ್ ವಾಪಸು ತಂದು, ಬದಲಿಗೆ ಹಸಿರು ತಂತಿ ಇರುವ ಹೊಸದು ಕೊಟ್ಟಿದ್ದಾನೆ. ಹೊಸ ಕಾರ್ಡಿಗೆ ಸದ್ದು ಬರುತ್ತದೆಂದು ದೂರಿದರೆ, “ಬರ್ಲಿ ಬಿಡಿ, ಆ ಸದ್ದು ಇರೋವರೆಗೆ ನನಗೆ ನಿದ್ದೆ ಬರುತ್ತೆ” ಅನ್ನುತ್ತಾನೆ.

ಮೊನ್ನೆ ಹಿಂದಿನ ಬೀದಿಗೆ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ಬಾಡಿಗೆಗಿದ್ದ ಗಣಿತದ ಮೇಷ್ಟ್ರು ಕಳೆದ ಬೇಸಿಗೆಯಲ್ಲೇ ಮನೆ ಖಾಲಿ ಮಾಡಿದ್ದರು. ಎಲ್ಲಿಗೆ ಹೋದರೋ ಮನೆಯೊಡತಿಗೆ ಗೊತ್ತಿಲ್ಲ.

“ನಿಮ್ಮನ್ನ ಎಷ್ಟು ಹೊಗಳ್ತಿದ್ರು ಗೊತ್ತಾ!” ಎಂದರು ಆಕೆ. “ಒಂಚೂರೂ ಸದ್ದಿಲ್ಲ, ಕಿವಿಯಪ್ಪನ ಕೈಗುಣ ಅಂತ. ಅವರ ಪುಟ್ಟ ಮಗಳಂತೂ ಆ ಪೆಟ್ಟಿಗೆ ತಬ್ಕೊಂಡೇ ಹಾಡು ಕೇಳೋದು.”

ಮಾವ ಆಕೆಗೆ ಕೈ ಮುಗಿದ. “ಯಾವ ಕಡೆಗೆ ಹೋದ್ರು ಅಂತಾದ್ರೂ ನೆನಪು ಮಾಡ್ಕೊಳ್ಳಿ ತಾಯಿ” ಎಂದ.