ಬೆಸವೇ ಸರಿ

ಫುಕಿಯ ತಪ್ಪು ಒಂದೇ. ಅವಳ ಸೂಜಿ ಸರಿ ಲೆಕ್ಕದಲ್ಲಿ ನಡೆಯುತ್ತಿತ್ತು.

ಹುಟ್ಟಿದ್ದು ನಾನ್ಬು ಸೀಮೆಯಲ್ಲಿ. ಅಲ್ಲಿ ಸೆಣಬಿನ ಬಟ್ಟೆಯ ಎಳೆಗಳನ್ನು ಎರಡು, ನಾಲ್ಕು, ಆರು ಎಂದು ಎಣಿಸಿ ದಾರ ಹಾಯಿಸುತ್ತಾರೆ. ಕೊಟ್ಟದ್ದು ಬೆಟ್ಟದಾಚೆಯ ತ್ಸುಗಾರುವಿಗೆ. ಇಲ್ಲಿ ಒಂದು, ಮೂರು, ಐದು. ಜಾಳು ಬಟ್ಟೆಯ ಕಂಡಿ ಮುಚ್ಚಿ ಚಳಿ ತಡೆಯಲೆಂದೇ ಎರಡೂ ಸೀಮೆಯಲ್ಲಿ ಹೊಲಿಯುವುದು, ಆದರೆ ಎಣಿಕೆ ಬೇರೆಯಾದರೆ ಮೂಡುವ ಹೂವೇ ಬೇರೆ. ಈ ಎರಡು ಸೀಮೆಗಳಿಗೆ ಅಜ್ಜಂದಿರ ಕಾಲದಿಂದಲೂ ಎಣ್ಣೆ-ಸೀಗೆಕಾಯಿ. ಅಂಥಲ್ಲಿಗೆ ಹೆಣ್ಣನ್ನು ಯಾಕೆ ಕೊಟ್ಟರು ಅಂತೀರಾ? ನಾನ್ಬುವಿನ ಕುದುರೆ ಸಂತೆಯಲ್ಲಿ ಎರಡೂ ಮನೆಯ ಗಂಡಸರು ಕುಡಿದು ಮಾತು ಕೊಟ್ಟುಕೊಂಡರು, ಅನುಭವಿಸಿದವಳು ಇವಳು!

"ಬಿಚ್ಚು," ಎನ್ನುತ್ತಿದ್ದಳು ಅತ್ತೆ ತೋಯೊ, ಒಲೆಯ ಪಕ್ಕದಿಂದ. "ನಮ್ಮನೇಲಿ ಕೂತು ನಿಮ್ಮ ನಾನ್ಬು ಕುದುರೆ ಕುಣಿಸ್ತೀಯೇನೇ?"

"ಸರಿಯಾಗೇ ಎಣಿಸಿದೆನಲ್ಲ ಅತ್ತೆ."

"ಅದೇ ಕಣೇ ತಪ್ಪು! ಸರಿ ಬಿಡು. ಇಲ್ಲಿ ಬೆಸವೇ ಸರಿ."

ಫುಕಿಗೆ ಬೇಕಾಗಿದ್ದದ್ದು ಹೊಲಿಗೆಯಲ್ಲ, ತವರು. ಮದುವೆಯಾದ ಮೇಲೆ ಅವ್ವನ ಮುಖ ಕಂಡಿರಲಿಲ್ಲ. ಅವ್ವ ಇಸೊಗೆ ಕಣ್ಣು ಮಂಜಾಗುತ್ತಿದೆ ಎಂಬ ಸುದ್ದಿಯನ್ನು ಒಣಮೀನು ಮಾರುವವಳು ತಂದಿದ್ದಳು. ಅವ್ವನ ಕಣ್ಣಲ್ಲಿ ಬೆಳಕಿರುವಾಗಲೇ ಒಮ್ಮೆ ಅವಳೆದುರು ನಿಲ್ಲಬೇಕು. ಗಂಡ ಟಕೆಜೊ ಒಳ್ಳೆಯವನೇ, ಆದರೆ ತಾಯಿ ಹಾಕಿದ ಗೆರೆ ದಾಟುವವನಲ್ಲ.

"ಹೋಗಬೇಡ ಅಂದೆನಾ?" ಎಂದಳು ತೋಯೊ. "ಒಂದು ಅಂಗಿ ತಪ್ಪಿಲ್ಲದೆ ಹೊಲಿ. ಅದನ್ನೇ ಹಾಕ್ಕೊಂಡು ಹೋಗು. ನನ್ನ ಸೊಸೆ ಸೊಟ್ಟ ಹೊಲಿಗೆ ಹೊತ್ಕೊಂಡು ತವರಿಗೆ ಹೋದ್ರೆ, ನಿಮ್ಮೋರು ನಗೋದು ನಿನ್ನ ನೋಡಿ ಅಲ್ಲ, ನನ್ನ ನೋಡಿ."

ಹೊಲಿದಳು. ಕಳೆ ಕೀಳುವಾಗ, ಹಿಮ ಬಾಚುವಾಗ, ಬಾಯಲ್ಲಿ ಬೆಸ ಎಣಿಕೆಯೇ. ಅವ್ವನ ಎಣಿಕೆ ನಾಲಿಗೆಗೆ ಬಂದರೆ ತುಟಿ ಕಚ್ಚುತ್ತಿದ್ದಳು. ಅವ್ವನ ಹತ್ತಿರ ಹೋಗಬೇಕಾದರೆ ಅವ್ವ ಕಲಿಸಿದ್ದನ್ನೇ ಮರೆಯಬೇಕು, ಇದೆಂಥ ನ್ಯಾಯ! ಕಡುನೀಲಿ ಬಟ್ಟೆಯ ಮೇಲೆ ಕಣ್ಣೀರಿನ ಕಲೆ ಕಾಣುವುದಿಲ್ಲ, ಅದೊಂದು ಪುಣ್ಯ.

ಹಿಮ ಕರಗುವ ಹೊತ್ತಿಗೆ ಅಂಗಿ ಮುಗಿಯಿತು. ತೋಯೊ ಅದರ ಬೆನ್ನಿನುದ್ದಕ್ಕೂ ಹೆಬ್ಬೆರಳು ಎಳೆದು ನೋಡಿದಳು, ತಿರುವಿ ಒಳಮೈಯನ್ನೂ ನೋಡಿದಳು. ಹುಳುಕು ಸಿಗಲಿಲ್ಲ. ಎದ್ದು ಹೋಗಿ ಹೊಟ್ಟಿನಲ್ಲಿ ಹೂತಿಟ್ಟ ಸೇಬುಗಳನ್ನು ತೆಗೆದು ಗಂಟು ಕಟ್ಟಿದಳು.

"ನಿಮ್ಮವ್ವಂಗೆ ಕೊಡು. ನಾನ್ಬುನಲ್ಲಿ ಇಂಥಾದ್ದು ಎಲ್ಲಿ ಸಿಗಬೇಕು!"

ರೈಲು ಇಳಿದು, ಕೆಸರು ತುಳಿದು ಫುಕಿ ಮನೆ ಮುಟ್ಟಿದಾಗ ಇಸೊ ಗೋಡೆ ಸವರುತ್ತ ಬಾಗಿಲಿಗೆ ಬಂದಳು. ಮಗಳ ಮುಖ ಅವಳಿಗೆ ನೆರಳಿನಂತಷ್ಟೇ ಕಂಡಿತು. ಕೆನ್ನೆ ಮುಟ್ಟಿದಳು, ಭುಜದ ಹೊಲಿಗೆ ಮುಟ್ಟಿದಳು.

"ಯಾರು ಹೊಲಿದಿದ್ದು, ಇಷ್ಟು ಒತ್ತಾಗಿ?"

"ನಾನೇ ಅವ್ವ."

ಇಸೊ ಒಳಗಿನಿಂದ, ಕೆಲಸದಲ್ಲಿ ಸೊಂಟಕ್ಕೆ ಕಟ್ಟುವ ತನ್ನ ಮುಂಗಟ್ಟಿನ ಬಟ್ಟೆ ತಂದು ಮಗಳ ಮಡಿಲಿಗಿಟ್ಟಳು. ನಡುವೆ ಹರಿದಿತ್ತು.

"ನಂಗೀಗ ಎಳೆ ಕಾಣಲ್ಲ ಮಗಾ. ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ನಮ್ಮ ಹೂವು ಹಾಕ್ಕೊಡು."

ಫುಕಿ ತೇಪೆ ಇಟ್ಟು, ಕೆಂಪು ಉಣ್ಣೆದಾರ ಪೋಣಿಸಿದಳು. ಎಷ್ಟು ಕಾಲದಿಂದ ಕಾದ ಗಳಿಗೆ! ಎರಡೆಳೆ ಎಂದುಕೊಂಡಳು, ಸೂಜಿ ಮೂರು ದಾಟಿತು. ಬಿಚ್ಚಿ ನಾಲ್ಕೆಂದಳು, ಐದಾಯಿತು. ಬಾಯಿ ಒಂದು ಹೇಳಿದರೆ ಕೈ ಇನ್ನೊಂದು ಮಾಡುತ್ತಿತ್ತು. ಕೊನೆಗೆ ಮೂಡಿದ ಹೂವು ತ್ಸುಗಾರುವಿನದು.

ಇಸೊ ಕೈ ಚಾಚಿ ಅದನ್ನು ಬೆರಳಿಂದ ಓದಿದಳು.

"ತಪ್ಪಾಯ್ತು ಅವ್ವ, ಬಿಚ್ತೀನಿ ಕೊಡು."

"ಬೇಡ, ಇರ್ಲಿ. ನೀನು ಹೋದ್ಮೇಲೆ ಮುಟ್ಟಿ ನೋಡ್ಕೋತೀನಿ, ನನ್ನ ಮಗಳು ಬೆಟ್ಟದಾಚೆ ಇದಾಳೆ ಅಂತ."

ಫುಕಿ ಅವಳ ಮಡಿಲಿಗೆ ಬಿದ್ದು ಗೊಳೋ ಎಂದು ಅತ್ತಳು. ತವರಲ್ಲೇ ಕೂತಿದ್ದಳು, ಆದರೂ ತವರು ಬೇಕೆನಿಸುತ್ತಿತ್ತು.