ಬಾದಾಮಿಗೆ ಲಂಘನ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಗುಬ್ಬಿ ಕಡೆಗೆ ಹೋಗುವ ರಸ್ತೆಯ ಸಿಗ್ನಲ್ಲಿನಲ್ಲಿ ನಮ್ಮ ಸ್ಕೂಟರ್ ನಿಂತಿತ್ತು. ಹಿಂದೆ ಹೆಂಡತಿ ಸುಜಾತ. ಅವಳ ತೊಡೆಯ ಮೇಲೆ ನಮ್ಮ ಪ್ರೆಸ್ಸಿನ ಲಗ್ನಪತ್ರಿಕೆಯ ರಟ್ಟಿನ ಡಬ್ಬ. ಪಕ್ಕದಲ್ಲಿ ಬಂದು ನಿಂತ ಪರಿಚಯದ ಬೈಕಿನವರೊಬ್ಬರು ಡಬ್ಬದ ಮೇಲಿನ ಗಣೇಶನ ಚಿತ್ರ ನೋಡಿ, ಯಾರ ಮದುವೆ ಸಾರ್, ನಮಗೆ ಕಾರ್ಡ್ ಇಲ್ಲವಾ ಎಂದು ಕೇಳಿದರು. ನಾನು ಹಲ್ಲು ಕಿರಿದೆ.

ಡಬ್ಬದೊಳಗೆ ಲಗ್ನಪತ್ರಿಕೆ ಇರಲಿಲ್ಲ. ಒಂದು ಗಿನಿಪಿಗ್ ಇತ್ತು. ಬದುಕುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅದನ್ನು ಆ ಸ್ಥಿತಿಗೆ ತಂದ ಮಹಾನುಭಾವ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಓಡಿಸುತ್ತಿದ್ದ.

ಮೊದಲಿಂದ ಹೇಳುತ್ತೇನೆ.

ಮರಳೂರಿನಲ್ಲಿ ನಮ್ಮ ಎದುರು ಮನೆ ನಸೀಮಾ ಅವರದು. ಬ್ಲೌಸ್ ಹೊಲಿಯುತ್ತಾರೆ. ಮಗಳು ಸಾನಿಯಾ ಏಳನೇ ಕ್ಲಾಸು. ಆ ಹುಡುಗಿ ಸಾಕಿದ ಗಿನಿಪಿಗ್‌ನ ಹೆಸರು ಬಾದಾಮಿ. (ಅವರ ಮನೆಯಲ್ಲಿ ಅದರ ಇಂಗ್ಲಿಷ್ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ. 'ಗಿನಿ' ಎನ್ನುವಲ್ಲಿಗೆ ನಿಲ್ಲಿಸುತ್ತಾರೆ. ನಸೀಮಾ ಅವರು ಬಂದವರಿಗೆಲ್ಲ ಇದು ಇಲಿ ಜಾತಿ ಎಂದು ಮೊದಲೇ ತಿಳಿಸಿಬಿಡುತ್ತಾರೆ.) ಮೈಯೆಲ್ಲ ಬಾದಾಮಿ ಬಣ್ಣ, ಮೂಗಿನ ಮೇಲೆ ಒಂದು ಬಿಳಿ ಪಟ್ಟೆ. ಬಾಲವೇ ಇಲ್ಲ.

ನಸೀಮಾ ಅವರ ತಂಗಿಯ ಮದುವೆ ಕುಣಿಗಲ್ಲಿನಲ್ಲಿ. ಶುಕ್ರವಾರ ಹೊರಟು ಮಂಗಳವಾರ ವಾಪಸ್. ಅಷ್ಟು ದಿನ ಬಾದಾಮಿಯನ್ನು ನೋಡಿಕೊಳ್ಳುವವರು ಯಾರು? ಸಾನಿಯಾ ಗೂಡನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದಳು. ಜೊತೆಗೆ ಒಂದು ಚೀಲ ಒಣ ಹುಲ್ಲು, ಒಂದು ಡಬ್ಬ ಪೆಲೆಟ್ಟು ಎನ್ನುವ ಕಾಳಿನಂಥ ತಿನಿಸು, ನೀರಿನ ಬಾಟಲು, ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ. ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಸೂಚನೆಗಳು. ಹುಲ್ಲು ಯಾವಾಗಲೂ ಇರಬೇಕು. ಬೆಳಿಗ್ಗೆ ಒಂದು ತುಂಡು ದಪ್ಪ ಮೆಣಸಿನಕಾಯಿ. ಸಂಜೆ ಸ್ವಲ್ಪ ಕೊತ್ತಂಬರಿ ಸೊಪ್ಪು. ನೀರು ದಿನಾ ಬದಲಾಯಿಸಬೇಕು. ಎತ್ತಿಕೊಳ್ಳುವಾಗ ಹೊಟ್ಟೆ ಕೆಳಗೆ ಕೈ ಕೊಡಬೇಕು.

ಇಪ್ಪತ್ತಾರು ವರ್ಷದಿಂದ ಪ್ರೂಫ್ ನೋಡುತ್ತಿರುವ ನಾನು ಹಾಳೆಯ ಮೇಲೆ ಕಣ್ಣಾಡಿಸಿದೆ. ಎರಡು ಕಾಗುಣಿತದ ತಪ್ಪು ಹುಡುಕಿ, ಸಾನಿಯಾಳಿಗೆ ತೋರಿಸಿ, ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಲ್ಲಿ ಸಿಕ್ಕಿಸಿದೆ. ಈಗಿನ ಮಕ್ಕಳು ಒಂದು ಪುಟವನ್ನೂ ಕೊನೆತನಕ ಓದುವುದಿಲ್ಲ ಎಂದು ಇದೇ ಜಾಗದಲ್ಲಿ ಎರಡು ಕಂತು ಗೋಳಾಡಿದ್ದೆನಲ್ಲ, ನಿಮಗೆ ನೆನಪಿರಬಹುದು. ಇಷ್ಟು ಬರೆದಿದ್ದಾಳಲ್ಲ, ಪರವಾಗಿಲ್ಲ ಹುಡುಗಿ ಅಂದುಕೊಂಡೆ.

ಶುಕ್ರವಾರ ಬಾದಾಮಿ ಚೆನ್ನಾಗಿಯೇ ತಿಂದಿತು. ನಾವು ಫ್ರಿಜ್ ಬಾಗಿಲು ತೆಗೆದರೆ ಸಾಕು, ಸೊಪ್ಪು ಬಂತೆಂದು ಕುಯ್ ಕುಯ್ ಎಂದು ಇಡೀ ಮನೆ ಕೇಳುವಂತೆ ಕಿರುಚುತ್ತಿತ್ತು. ಅಷ್ಟು ಸಣ್ಣ ಪ್ರಾಣಿ, ಅಷ್ಟು ದೊಡ್ಡ ಗಂಟಲು. ನಾನು ಸುಮ್ಮಸುಮ್ಮನೆ ನಾಲ್ಕು ಸಲ ಫ್ರಿಜ್ ತೆಗೆದೆ.

ಸಮಸ್ಯೆ ಶುರುವಾಗಿದ್ದು ನನ್ನ ಉಪಚಾರದಿಂದ. ಮನೆಗೆ ಬಂದವರು ಬರೀ ಹುಲ್ಲು ತಿಂದುಕೊಂಡು ಇರುವುದೆಂದರೇನು? ನಮ್ಮ ಕಡೆ ನೆಂಟರು ಸಾಕು ಅಂದಮೇಲೆಯೇ ನಿಜವಾಗಿ ಬಡಿಸುವುದಕ್ಕೆ ಶುರು ಮಾಡುವುದು. ಎಲೆಯ ಮೇಲೆ ಎರಡು ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಪಾಯಸ ಬಿಡುವ ಜನ ನಾವು. ಸಂಜೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತಂದಿದ್ದೆ. ಒಂದು ಚೂರು ಗೂಡಿನೊಳಗೆ ಇಟ್ಟೆ. ಮೂಸಿತು, ತಿಂದಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಚೂರು ಇಟ್ಟೆ. ಆಮೇಲೆ ಅರ್ಧ ಬಾಳೆಹಣ್ಣು. ಬೇಡ ಕಣ್ರೀ, ಹಾಳೇಲಿ ಬರೆದಿರೋದಷ್ಟೇ ಕೊಡಿ ಎಂದು ಸುಜಾತ ಅಡುಗೆ ಮನೆಯಿಂದ ಹೇಳಿದಳು. ಹಾಳೆಯಲ್ಲಿ ಇಡ್ಲಿ ಕೊಡಬಾರದು ಎಂದು ಎಲ್ಲಿದೆ ಎಂದು ವಾದಿಸಿದೆ.

ಶನಿವಾರ ಬೆಳಿಗ್ಗೆ ನೋಡಿದರೆ ಮೆಣಸಿನಕಾಯಿ ತುಂಡು ಇಟ್ಟಲ್ಲೇ ಇತ್ತು. ಪೆಲೆಟ್ಟು ಮುಟ್ಟಿರಲಿಲ್ಲ. ಹುಲ್ಲು ಹಾಗೇ ಇತ್ತು.

ಹೊಟ್ಟೆ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಹೊಟ್ಟೆ ಕೆಟ್ಟರೆ ಏನು ಮಾಡಬೇಕು? ಊರ್ಡಿಗೆರೆಯಲ್ಲಿ ನಮ್ಮಜ್ಜಿಯ ಹತ್ತಿರ ಇದಕ್ಕೆ ಒಂದೇ ಮದ್ದು. ಮಕ್ಕಳಿಗಾಗಲಿ, ಕರುವಿಗಾಗಲಿ, ಮನೆಗೆ ಬಂದ ಅಳಿಯನಿಗಾಗಲಿ, ಲಂಘನ. ಒಂದು ದಿನ ಹೊಟ್ಟೆ ಖಾಲಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಆ ಮದ್ದಿನಲ್ಲೇ ಬೆಳೆದವನು ನಾನು. ಹಾಗಾಗಿ ಗೂಡಿನಿಂದ ಪೆಲೆಟ್ಟು ತೆಗೆದೆ. ಸೊಪ್ಪು ತೆಗೆದೆ. ಒಂದು ಎಳೆ ಬಿಡದೆ ಹುಲ್ಲೂ ತೆಗೆದೆ. ನೀರಿನ ಬಾಟಲಿಗೆ ಜೀರಿಗೆ ಕಷಾಯ ಸೇರಿಸಿ, ವೈದ್ಯನ ಗತ್ತಿನಲ್ಲಿ ಕೈ ತೊಳೆದುಕೊಂಡೆ.

ಸುಜಾತ, ಆ ಹುಡುಗಿಗೆ ಒಂದು ಫೋನ್ ಮಾಡಿ ಕೇಳಿ ಎಂದಳು. ಪಾಪ, ಮದುವೆ ಮನೆ, ಯಾಕೆ ಗಾಬರಿಪಡಿಸುವುದು ಎಂದೆ. ನಿಜ ಹೇಳಬೇಕೆಂದರೆ, ಹನ್ನೆರಡು ವರ್ಷದ ಹುಡುಗಿಯನ್ನು ಸಲಹೆ ಕೇಳುವುದು ಈ ಅಂಕಣಕಾರನಿಗೆ ಒಗ್ಗಲಿಲ್ಲ. ಮಧ್ಯಾಹ್ನ ಸಾನಿಯಾಳೇ ಅಮ್ಮನ ಫೋನಿಂದ ವಾಟ್ಸಾಪಿನಲ್ಲಿ ಕೇಳಿದಳು, ಬಾದಾಮಿ ತಿಂತಾ, ಹಿಕ್ಕೆ ಹಾಕ್ತಾ ಎಂದು. ನಾನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದೆ. ಸಾಲದ್ದಕ್ಕೆ ಶುಕ್ರವಾರ ತೆಗೆದ ಫೋಟೋ ಒಂದನ್ನೂ ಕಳಿಸಿದೆ. ಅವಳು ಆರು ಹೃದಯ ವಾಪಸ್ ಕಳಿಸಿದಳು.

ಭಾನುವಾರ ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ ಬಾಗಿಲು ತೆರೆದೆ. ಸದ್ದಿಲ್ಲ.

ಮುಚ್ಚಿ ಮತ್ತೆ ತೆರೆದೆ. ಕೊತ್ತಂಬರಿಯ ಪ್ಲಾಸ್ಟಿಕ್ ಕವರನ್ನು ಬೇಕೆಂದೇ ಸದ್ದು ಮಾಡಿದೆ. ಇಲ್ಲ. ಗೂಡಿನ ಹತ್ತಿರ ಹೋಗಿ ನೋಡಿದರೆ ಬಾದಾಮಿ ಮೂಲೆಯಲ್ಲಿ ಮುದುಡಿ ಕೂತಿತ್ತು. ಕೂದಲೆಲ್ಲ ನಿಮಿರಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಹುಲ್ಲು, ಸೊಪ್ಪು ಎಲ್ಲ ಮೂಗಿನ ಹತ್ತಿರ ಹಿಡಿದೆ. ಮುಖ ತಿರುಗಿಸಿತು. ಗೂಡಿನಲ್ಲಿ ಒಂದೇ ಒಂದು ಹಿಕ್ಕೆಯೂ ಇರಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ಆ ಆರು ಹೃದಯ ನೆನಪಾಯಿತು.

ಭಾನುವಾರ ಇಂಥ ಪ್ರಾಣಿ ನೋಡುವವರು ಯಾರು ಸಿಗುತ್ತಾರೆ? ನೆನಪಿಸಿದ್ದು ಸುಜಾತ. ಗುಬ್ಬಿಯಲ್ಲಿ ಪ್ರಾಣಿಗಳ ಕ್ಲಿನಿಕ್ ತೆರೆದ ಒಬ್ಬ ಡಾಕ್ಟರಮ್ಮ ಉದ್ಘಾಟನೆಯ ಆಹ್ವಾನಪತ್ರಿಕೆಯನ್ನು ನಮ್ಮ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದ್ದರು. ಸ್ಯಾಂಪಲ್ ಫೈಲಿನಲ್ಲಿ ನಂಬರು ಸಿಕ್ಕಿತು. ತಕ್ಷಣ ಕರ್ಕೊಂಡ್ ಬನ್ನಿ ಅಂದರು. ಗೂಡು ಸ್ಕೂಟರಿನಲ್ಲಿ ಹಿಡಿಸುವುದಿಲ್ಲ. ಲಗ್ನಪತ್ರಿಕೆಯ ಡಬ್ಬಕ್ಕೆ ತೂತು ಕೊರೆದು, ಟವೆಲ್ ಹಾಸಿ ಹೊರಟೆವು. ದಾರಿಯುದ್ದಕ್ಕೂ ಸುಜಾತ ಡಬ್ಬದ ತೂತಿಗೆ ಬಾಯಿಟ್ಟು ಮಾತಾಡುತ್ತಿದ್ದಳು, ಬಂದ್ವಿ ಕಣೋ, ಇನ್ನೇನ್ ಬಂದ್ವಿ ಎಂದು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಡಾಕ್ಟರಮ್ಮ ಬಾದಾಮಿಯ ಬಾಯಿ ತೆರೆದು ಹಲ್ಲು ನೋಡಿದರು. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು.

"ಯಾವಾಗಿಂದ ತಿಂದಿಲ್ಲ?"

"ನಿನ್ನೆ ಬೆಳಿಗ್ಗೆಯಿಂದ. ಆಮೇಲೆ ನಾನೇ ಕೊಡ್ಲಿಲ್ಲ."

"ಯಾಕ್ ಸಾರ್?"

"ಲಂಘನ ಹಾಕಿದ್ದೆ," ಎಂದೆ. ಆ ಮಾತು ನನ್ನ ಬಾಯಿಂದ ಹೊರಬಂದ ಮೇಲೆ ಎಷ್ಟು ಪೆದ್ದಾಗಿ ಕೇಳಿಸಿತು ಎಂದು ಹೇಗೆ ಹೇಳಲಿ?

ಡಾಕ್ಟರಮ್ಮ ಪೆನ್ ಕೆಳಗಿಟ್ಟರು. "ಸಾರ್, ಇದರ ಹೊಟ್ಟೆ ಯಾವಾಗ್ಲೂ ಓಡ್ತಾ ಇರ್ಬೇಕು. ಹುಲ್ಲು ಒಳಗೆ ಹೋಗ್ತಾ ಇದ್ರೇನೆ ಕರುಳು ಕೆಲಸ ಮಾಡೋದು. ತಿನ್ನೋದು ನಿಂತ್ರೆ ಕರುಳೂ ನಿಂತೋಗುತ್ತೆ. ಇದಕ್ಕೆ ಒಂದಿನ ಅನ್ನೋದೇ ಬಾಳ ಜಾಸ್ತಿ." ಆಮೇಲೆ ಒಂದು ಸಲ ನನ್ನ ಹೊಟ್ಟೆಯನ್ನು ನೋಡಿದರು. "ಉಪವಾಸ ನೀವ್ ಮಾಡಿ. ಒಳ್ಳೇದು."

ಇಡ್ಲಿ, ಬಾಳೆಹಣ್ಣಿನ ವಿಷಯವನ್ನು ನಾನು ಬಚ್ಚಿಡಬೇಕೆಂದಿದ್ದೆ. ಸುಜಾತ ಚೂರೂ ಬಿಡದೆ ಒಪ್ಪಿಸಿದಳು.

ನೋವಿಗೆ ಒಂದು, ಕರುಳು ಓಡುವುದಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಸೂಜಿ ಇಲ್ಲದ ಪುಟ್ಟ ಸಿರಿಂಜು ಕೊಟ್ಟು, ಪೆಲೆಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಗಂಜಿ ಮಾಡಿ, ಎರಡು ಮೂರು ಗಂಟೆಗೊಮ್ಮೆ ತಿನ್ನಿಸಲು ಹೇಳಿಕೊಟ್ಟರು. ಮುಂದಿನ ಹಲ್ಲಿನ ಪಕ್ಕದಿಂದ ಸಿರಿಂಜು ಹಾಕಬೇಕು, ಒಂದೊಂದೇ ಹನಿ ಬಿಡಬೇಕು, ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ನಾಳೆ ಬೆಳಿಗ್ಗೆಯೊಳಗೆ ಹಿಕ್ಕೆ ಹಾಕಿದರೆ ಬದುಕಿಕೊಂಡ ಹಾಗೆ ಅಂದರು. ಹಾಕದಿದ್ದರೆ ಎಂದು ಕೇಳಿದೆ. ಭರವಸೆ ಕೊಡಲು ಆಗುವುದಿಲ್ಲ ಎಂದರು.

ಪ್ರಿಯ ಓದುಗರೇ, ನೀವು ಯಾರಿಗಾದರೂ ಬಲವಂತವಾಗಿ ಊಟ ಮಾಡಿಸಿದ್ದೀರಾ? ನೆಂಟರ ಎಲೆಗೆ ಹೋಳಿಗೆ ಎಸೆಯುವುದು ಬೇರೆ. ಟವೆಲಿನಲ್ಲಿ ಸುತ್ತಿದ ಅರ್ಧ ಸೇರಿನ ಜೀವವನ್ನು ಎದೆಗೆ ಒತ್ತಿಕೊಂಡು, ಅದರ ಬಾಯಿಯ ಪಕ್ಕದಲ್ಲಿ ಒಂದು ಹನಿ ಬಿಟ್ಟು, ಅದು ಅಗಿಯಲಿ ಎಂದು ಕಾಯುವುದು ಬೇರೆ. ಮೊದಲ ಸಲ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ನನ್ನ ಅಂಗಿಯ ಮೇಲಿತ್ತು. ಎರಡನೇ ಸಲ ಕನ್ನಡಕದ ಮೇಲಿತ್ತು. ಮೂರನೇ ಸಲ ಬಾದಾಮಿಯ ದವಡೆ ಮೆಲ್ಲಗೆ ಆಡಿತು. ತಿನ್ನಪ್ಪಾ, ನಿನ್ನ ದಮ್ಮಯ್ಯ ಎಂದು ನಾನು ಜೋರಾಗಿಯೇ ಹೇಳಿದೆ. ನನ್ನ ಸ್ವಂತ ಮಕ್ಕಳಿಗೆ ಒಂದು ತುತ್ತೂ ತಿನ್ನಿಸಿದವನಲ್ಲ ನಾನು. ಅದನ್ನೂ ಸುಜಾತ ಆ ಹೊತ್ತಿನಲ್ಲೇ ನೆನಪಿಸಿದಳು.

ಸಂಜೆ ಸಾನಿಯಾಳ ಮೆಸೇಜು ಬಂತು. ಬಾದಾಮಿ ನನ್ನ ಮಿಸ್ ಮಾಡ್ಕೊತಿದ್ಯಾ ಅಂಕಲ್? ಏನು ಬರೆಯಲಿ? ವಾರಕ್ಕೆ ಸಾವಿರ ಪದ ಬರೆಯುವವನಿಗೆ ಒಂದು ಸಾಲೂ ಹೊಳೆಯಲಿಲ್ಲ. ಹೌದು ಎಂದಷ್ಟೇ ಟೈಪ್ ಮಾಡಿ ಫೋನ್ ಮಗುಚಿ ಇಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಮವಾರ ಬೆಳಿಗ್ಗೆ ಟವೆಲಿನ ಮೇಲೆ ನಾಲ್ಕು ಹಿಕ್ಕೆ ಇದ್ದವು.

ಸಣ್ಣವು, ಒಣಗಿದವು, ಒಂದು ಸೊಟ್ಟಗಿತ್ತು. ನಾನು ಸುಜಾತಳನ್ನು ಕೂಗಿದೆ. ಇಬ್ಬರೂ ನೆಲದ ಮೇಲೆ ಕೂತು ನೋಡಿದೆವು. ನನಗೆ ಕಣ್ಣಲ್ಲಿ ನೀರು ಬಂತು. ಹೌದು, ಹಿಕ್ಕೆ ನೋಡಿ. ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ, ಅವರು ಇನ್ನೂ ಎರಡು ದಿನ ತಿನ್ನಿಸಿ ಅಂದರು. ಪ್ರೆಸ್ಸಿಗೆ ರಜೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಬಾದಾಮಿ ತಾನಾಗಿಯೇ ಒಂದು ಹುಲ್ಲಿನ ಎಳೆಯನ್ನು ಎಳೆದುಕೊಂಡು, ತುದಿಯಿಂದ ಅಗಿಯುತ್ತಾ ಹೋಯಿತು.

ಮಂಗಳವಾರ ಬೆಳಿಗ್ಗೆ ಫ್ರಿಜ್ ತೆಗೆದಾಗ ಕುಯ್ ಎಂದಿತು. ಒಂದೇ ಸಲ, ಸಣ್ಣಗೆ.

ಅಲ್ಲಿಗೆ ನನ್ನ ಬುದ್ಧಿ ಮತ್ತೆ ಹಳೇ ಜಾಗಕ್ಕೆ ಬಂತು. ಪ್ರಾಣಿ ಬದುಕಿದೆ, ತಿನ್ನುತ್ತಿದೆ, ಇನ್ನು ಯಾರಿಗೂ ಏನೂ ಹೇಳಬೇಕಿಲ್ಲವಲ್ಲ? ಸಿರಿಂಜನ್ನು ಡ್ರಾಯರಿನಲ್ಲಿ ಬಚ್ಚಿಟ್ಟೆ. ಸುಜಾತ ನೋಡಿದಳು.

ಸಂಜೆ ಸಾನಿಯಾ ಬಂದಳು. ಕೈಯಲ್ಲಿ ಮೆಹಂದಿ, ಕಂಕುಳಲ್ಲಿ ಅಡುಗೆ ಮನೆಯ ತಕ್ಕಡಿ, ಒಂದು ನೋಟ್‌ಬುಕ್ಕು. ಆ ಹುಡುಗಿ ವಾರವಾರ ಬಾದಾಮಿಯ ತೂಕ ನೋಡಿ ಬರೆದಿಡುತ್ತಾಳೆಂದು ನನಗೇನು ಗೊತ್ತು? ತಕ್ಕಡಿ ಮೇಲೆ ಇಟ್ಟಳು. ನೋಟ್‌ಬುಕ್ ನೋಡಿದಳು. ಮತ್ತೆ ತಕ್ಕಡಿ ನೋಡಿದಳು. ಬಾದಾಮಿಯ ಗದ್ದ ಎತ್ತಿ, ಅಲ್ಲಿ ಒಣಗಿ ಅಂಟಿದ್ದ ಗಂಜಿಯನ್ನು ಉಗುರಿನಿಂದ ಕೆರೆದಳು.

"ಸಿರಿಂಜಲ್ಲಿ ತಿನ್ಸಿದ್ರಾ ಅಂಕಲ್?"

ಒಪ್ಪಿಕೊಂಡೆ. ಇಡ್ಲಿ, ಬಾಳೆಹಣ್ಣು, ಲಂಘನ, ಹಳೇ ಫೋಟೋ, ಗುಬ್ಬಿ, ಎಲ್ಲ ಹೇಳಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಏನೂ ಇಲ್ಲ. ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಹಾಳೆಯನ್ನು ಕಿತ್ತಳು. ಮ್ಯಾಗ್ನೆಟ್ ಕೆಳಗೆ ಬಿತ್ತು. (ನಮ್ಮ ಪ್ರೆಸ್ಸಿನ ಜಾಹೀರಾತಿಗೆಂದು ನಾನೇ ಮಾಡಿಸಿ ಊರಿಗೆಲ್ಲ ಹಂಚಿದ ಮ್ಯಾಗ್ನೆಟ್ಟು. ಸ್ವಲ್ಪ ದೊಡ್ಡದಾಗಿಯೇ ಮಾಡಿಸಿದ್ದೆ.) ಅದರ ಕೆಳಗೆ ಅಡಗಿದ್ದ ಬಾಣದ ಗುರುತು ಕಾಣಿಸಿತು. ಪಕ್ಕದಲ್ಲಿ, 'ಹಿಂದೆ ನೋಡಿ'.

ಹಾಳೆ ತಿರುಗಿಸಿ ನನ್ನ ಮುಂದೆ ಹಿಡಿದಳು. ಕೆಂಪು ಇಂಕು, ಕೆಳಗೆ ಎರಡೆರಡು ಗೆರೆ. ನಮ್ಮ ತಿಂಡಿ ಯಾವುದೂ ಕೊಡಬೇಡಿ. ಹುಲ್ಲು ಮಾತ್ರ ಯಾವತ್ತೂ ತೆಗೆಯಬೇಡಿ. ಅದು ತಿನ್ನುವುದು ನಿಲ್ಲಿಸಿದರೆ, ಮದುವೆ ನಡೆಯುತ್ತಿದ್ದರೂ ಪರವಾಗಿಲ್ಲ, ತಕ್ಷಣ ಫೋನ್ ಮಾಡಿ. ಆ ಬದಿಯಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

"ಬಾದಾಮಿಗೆ ಹೇಳಕ್ ಬರಲ್ಲ ಅಂತ ತಾನೆ ಅಂಕಲ್ ನಾನು ಬರ್ದಿದ್ದು," ಅಂದಳು. ಮೆಲ್ಲಗೆ ಹೇಳಿದಳು.

ನಸೀಮಾ ಅವರು ಮಾರನೇ ದಿನ ಬಂದು, ಬುಡಿ ಅಣ್ಣ, ಬದುಕ್ತಲ್ಲ ಎಂದು ಮದುವೆಯ ಸಿಹಿ ಕೊಟ್ಟು ಹೋದರು. ಸಾನಿಯಾ ಮಾತ್ರ ಎರಡು ವಾರ ನಮ್ಮ ಮನೆ ಕಡೆ ಬರಲಿಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಓದುವ ಹವ್ಯಾಸದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡೆ.

ಮೊನ್ನೆ ಗುರುವಾರ ಬಾಗಿಲು ಬಡಿದ ಸದ್ದು. ಸಾನಿಯಾ ನಿಂತಿದ್ದಳು, ಎರಡೂ ಕೈಯಲ್ಲಿ ಗೂಡು. ದೇವರಾಯನದುರ್ಗಕ್ಕೆ ಸ್ಕೂಲ್ ಟ್ರಿಪ್ಪು, ಅಮ್ಮ ಹೊಲಿಗೆ ಅಂಗಡಿಯಲ್ಲಿರುತ್ತಾರೆ, ಸಂಜೆ ತನಕ ನೋಡಿಕೊಳ್ಳಿ ಅಂದಳು. ಸುಜಾತಳ ಕೈಗೆ ಕೊಡುತ್ತಾಳೆ ಎಂದು ನಾನು ಪಕ್ಕಕ್ಕೆ ಸರಿದೆ. ಅವಳು ಗೂಡನ್ನು ನನ್ನ ಕೈಗೇ ಕೊಟ್ಟಳು. ಬಾದಾಮಿ ನನ್ನ ಬೆರಳು ಮೂಸಿತು. ಜೇಬಿನಿಂದ ಹಾಳೆ ತೆಗೆದು ಗೂಡಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದವಳು ಗೇಟಿನ ಹತ್ತಿರ ನಿಂತು ತಿರುಗಿ ನೋಡಿದಳು.

"ಈ ಸಲ ಒಂದೇ ಕಡೆ ಬರ್ದಿದೀನಿ, ಅಂಕಲ್."